ಕೆಂಪು ಬಟ್ಟೆಯಿಲ್ಲದ ಕಹಳೆ

ಕಹಳೆಯಜ್ಜ ಹಲ್ಲು ಹಾಕಿಕೊಳ್ಳುತ್ತಿದ್ದದ್ದು ಎರಡೇ ಸಂದರ್ಭಕ್ಕೆ: ಮದುವೆಗೆ ಹೋಗುವಾಗ, ಇಲ್ಲವೇ ಜಗಳಕ್ಕೆ ಹೋಗುವಾಗ. ಉಳಿದ ದಿನಗಳಲ್ಲಿ ಆ ಸೆಟ್ಟು ಅಡುಗೆಮನೆಯ ಕಿಟಕಿಯಲ್ಲಿ, ನೀರು ತುಂಬಿದ ಗಾಜಿನ ಲೋಟದೊಳಗೆ ತನ್ನಷ್ಟಕ್ಕೆ ತಾನು ನಗುತ್ತ ಕೂತಿರುತ್ತಿತ್ತು. ಆ ಬೆಳಿಗ್ಗೆ ಲೋಟದಲ್ಲಿ ಬರೀ ನೀರಿದ್ದದ್ದನ್ನು ಕಂಡ ಸೊಸೆ ಒಲೆಯ ಮೇಲಿನ ಚಹಾವನ್ನು ಮರೆತು ಪಡಸಾಲೆಗೆ ಬಂದಳು. ಹತ್ತಿರದಲ್ಲಿ ಯಾರ ಮದುವೆಯೂ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು.

"ಯಾರ ಜೊತೆ ಮಾವ?" ಎಂದಳು.

"ಕರ್ನಲ್ ಬರ್ತಾನಂತೆ," ಎಂದ ಅಜ್ಜ. "ಬರ್ಲಿ."

ಅವರ ಮನೆ ಇದ್ದದ್ದು ಬ್ಯಾರಕ್ಕಿನ ಹಿಂಗೋಡೆಗೆ ಅಂಟಿಕೊಂಡ ಗಲ್ಲಿಯಲ್ಲಿ. ಗೋಡೆಯ ಆಚೆ ಬೂಟುಗಳ ಸದ್ದು. ಈಚೆ ಆ ಬೂಟುಗಳನ್ನು ಹೊಲಿಯುವವರ, ಸಮವಸ್ತ್ರ ಇಸ್ತ್ರಿ ಮಾಡುವವರ, ನಿವೃತ್ತಿಯಾದ ಮೇಲೂ ಬೇರೆಲ್ಲೂ ಹೋಗಲು ಕಾಲು ಬಾರದವರ ಮನೆಗಳು. ಅಲ್ಲಿನ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕಹಳೆಯ ಸ್ವರ ಕಲಿಯುತ್ತಿದ್ದರು. ಏಳುವ ಸ್ವರ, ಊಟದ ಸ್ವರ, ಮುನ್ನುಗ್ಗುವ ಸ್ವರ, ಹಿಂದೆ ಸರಿಯುವ ಸ್ವರ, ಮರಳಿ ಬರುವ ಸ್ವರ. ಒಂದು ಕಾಲದಲ್ಲಿ ಇವನ್ನೆಲ್ಲ ಊದುತ್ತಿದ್ದವನು ಅಜ್ಜನೇ. ಈಗ ಬೇರೆ ಯಾರೋ ಊದುತ್ತಿದ್ದರು. ಅವರು ಸ್ವರ ತಪ್ಪಿದಾಗಲೆಲ್ಲ ಅಜ್ಜ ಜಗುಲಿಯಲ್ಲಿ ಕೂತು ಗೋಡೆಗೆ ಬೈಯುತ್ತಿದ್ದ.

ಆ ರೆಜಿಮೆಂಟಿನ ಲಾಂಛನವೇ ಕಹಳೆ. ಹಿತ್ತಾಳೆಯದು, ಕೊರಳಿಗೆ ಎರಡು ಸುತ್ತು ಹಗ್ಗ, ಹಿಂದೆ ಎಲೆಯಾಕಾರದಲ್ಲಿ ಕತ್ತರಿಸಿದ ಕೆಂಪು ಬಟ್ಟೆ. ಕೆಳಗಿನ ಪಟ್ಟಿಯಲ್ಲಿ "ಕರೆದರೆ ಓಗೊಡು" ಎಂದು ಕೊರೆದಿರುತ್ತದೆ. ಮೊದಲ ಯುದ್ಧದಲ್ಲಿ ಬಾವುಟ ಕಳೆದುಹೋದಾಗ ಯಾರದ್ದೋ ರಕ್ತದಲ್ಲಿ ತೊಯ್ದ ಅಂಗಿಯನ್ನು ಕಹಳೆಗೆ ಕಟ್ಟಿ ಎತ್ತಿ ಹಿಡಿದರಂತೆ. ಕೆಂಪು ಬಟ್ಟೆ ಬಂದದ್ದು ಅಲ್ಲಿಂದ. ರೆಜಿಮೆಂಟಿನ ಚರಿತ್ರೆಯ ದಪ್ಪ ಪುಸ್ತಕದಲ್ಲಿ ಕಹಳೆ ಎತ್ತಿ ಹಿಡಿದ ಅಧಿಕಾರಿಯ ಹೆಸರಿದೆ, ಅವನ ಅಪ್ಪನ ಹೆಸರಿದೆ, ಅವನ ಕುದುರೆಯ ಹೆಸರೂ ಇದೆ. ಅಂಗಿ ಯಾರದ್ದೆಂದು ಮಾತ್ರ ಇಲ್ಲ. ಅಂಗಿ ಕೊಟ್ಟ ಪುಣ್ಯಾತ್ಮ ಬರಿಮೈಯಲ್ಲೇ ಚರಿತ್ರೆಯಿಂದ ಹೊರಗೆ ನಡೆದುಬಿಟ್ಟಿದ್ದಾನೆ. ದೊಡ್ಡವರು ಚರಿತ್ರೆ ಬರೆಯುವ ರೀತಿಯೇ ಹೀಗೆ, ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಇನ್ನೊಂದು ಹಳೆಯ ಯುದ್ಧದಲ್ಲಿ ಶತ್ರುಗಳು ಮಂಜಿನ ಮರೆಯಿಂದ ಇವರದೇ ಭಾಷೆಯಲ್ಲಿ ಸುಳ್ಳು ಆಜ್ಞೆ ಕೂಗಿ ಇಡೀ ದಳವನ್ನು ಹಳ್ಳಕ್ಕೆ ಇಳಿಸಿ ಹೊಡೆದಿದ್ದರು. ಅಂದಿನಿಂದ ಒಂದು ಕಟ್ಟಳೆ ನಿಂತಿತು. ಕಹಳೆ ಹೇಳಿದ್ದನ್ನು ಬಾಯಿ ಅಳಿಸುವಂತಿಲ್ಲ, ಕಹಳೆಯೇ ಅಳಿಸಬೇಕು. ಅದೂ, ಮೊದಲ ಹುಕುಂ ಕೊಟ್ಟವರೇ ಎರಡನೆಯದನ್ನೂ ಕೊಡಬೇಕು. ಬೇರೆ ಯಾರು ಹೇಳಿದರೂ ಕಹಳೆಯವನು ಊದಬಾರದು. ಶಾಂತಿಕಾಲದಲ್ಲಿ ಇದರಿಂದ ಆಗುತ್ತಿದ್ದ ಪೇಚಾಟ ಅಷ್ಟಿಷ್ಟಲ್ಲ. ಒಮ್ಮೆ ಒಬ್ಬ ಕ್ಯಾಪ್ಟನ್ ಸಾಲು ನಿಲ್ಲುವ ಸ್ವರ ಊದಿಸಿ, ಹೊಟ್ಟೆ ಕೆಟ್ಟು ಶೌಚಾಲಯಕ್ಕೆ ಓಡಿದ್ದ. ಅವನು ಹೊರಬರುವವರೆಗೆ ಇಡೀ ದಳ ಮಳೆಯಲ್ಲಿ ನೆನೆಯುತ್ತ ನಿಂತಿತ್ತು. ಹೊಸಬರು ಈ ಕತೆ ಹೇಳಿಕೊಂಡು ನಗುತ್ತಿದ್ದರು. ಆದರೂ ಕಟ್ಟಳೆ ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಇಂಥ ರೆಜಿಮೆಂಟಿನ ನಾಲ್ಕು ಕಂಪನಿಗಳಲ್ಲಿ ಮೂರಕ್ಕೆ ಕೆಂಪು ಬಟ್ಟೆ ಇತ್ತು. ಮೂರನೇ ಕಂಪನಿಗೆ ಇರಲಿಲ್ಲ. ಅವರ ಟೋಪಿಯಲ್ಲಿ ಬರೀ ಹಿತ್ತಾಳೆ. ಅವರು ಊಟಕ್ಕೆ ಕಡೆಯ ಸಾಲು, ಫೋಟೋಗೆ ಹಿಂದಿನ ಸಾಲು. ಅದು ಸಾಲದೆಂಬಂತೆ, ಕವಾಯತಿನಲ್ಲಿ ಹಿಂದೆ ಸರಿಯುವ ಸ್ವರ ಊದಿದಾಗ ಉಳಿದ ಕಂಪನಿಗಳೆಲ್ಲ ಹಿಮ್ಮಡಿಯ ಮೇಲೆ ತಿರುಗಿ ನಿಲ್ಲಬೇಕು, ಇವರು ಮಾತ್ರ ಅಲ್ಲಾಡಬಾರದು. ಆ ಸ್ವರ ಇನ್ನು ಇವರಿಗಿಲ್ಲ, ಓಡಿದ್ದು ಸಾಕು ಎಂದು ಒಂದು ಯುದ್ಧದ ನಂತರ ವಿಚಾರಣೆ ನಡೆಸಿದವರು ತೀರ್ಪು ಕೊಟ್ಟಿದ್ದರು. ಅಂದಿನ ಮಕ್ಕಳು ಇಂದು ಸೈನಿಕರಾಗಿದ್ದಾರೆ. ಆ ಯುದ್ಧ ನಡೆದಾಗ ಹುಟ್ಟದೇ ಇದ್ದವರು ಕೂಡ ಆ ಸ್ವರಕ್ಕೆ ಕಲ್ಲಿನಂತೆ ನಿಲ್ಲುವುದನ್ನು ಕಲಿತಿದ್ದಾರೆ.

ಆ ಯುದ್ಧ ನಡೆದದ್ದು ಒಂದು ಬೋಳು ಗುಡ್ಡದ ಮೇಲೆ. ಮೂರನೇ ಕಂಪನಿಯ ಕಹಳೆಯವನಾಗಿದ್ದ ಅಜ್ಜನಿಗೆ ಆಗ ಬಾಯಿ ತುಂಬ ಸ್ವಂತ ಹಲ್ಲಿದ್ದವು. ವೈರ್‌ಲೆಸ್ ಕೆಟ್ಟಿತ್ತು, ಗುಂಡು ಮಳೆಯಂತೆ ಸುರಿಯುತ್ತಿತ್ತು. ಇಡೀ ದಳದ ಹೊಣೆ ಹೊತ್ತಿದ್ದ ಮೇಜರ್ ಬಂಡೆಯ ಹಿಂದೆ ಮುದುಡಿ ಕೂತಿದ್ದವನು ಇದ್ದಕ್ಕಿದ್ದಂತೆ ಅಜ್ಜನ ತೋಳು ಹಿಡಿದ. "ಎಲ್ಲರೂ ಹಿಂದಕ್ಕೆ. ಊದು," ಎಂದ. ಪಕ್ಕದಲ್ಲೇ ಇದ್ದ ಅಜ್ಜನ ಜೀವದ ಗೆಳೆಯ ಕುಳ್ಳ ಅದನ್ನು ಕಿವಿಯಾರೆ ಕೇಳಿಸಿಕೊಂಡ. ಅಜ್ಜ ಊದಿದ. ಉಳಿದ ಕಂಪನಿಗಳು ಗುಡ್ಡದ ಆ ಮಗ್ಗುಲಲ್ಲಿದ್ದವು, ಫಿರಂಗಿಯ ಸದ್ದಿನಲ್ಲಿ ಅವರಿಗೆ ಏನೂ ಕೇಳಲಿಲ್ಲ. ಕೇಳಿದ್ದು ಮೂರನೆಯವರಿಗೆ ಮಾತ್ರ. ಕಲಿಸಿದಂತೆ ಅವರು ತಿರುಗಿದರು. ಕುಳ್ಳನೂ ತಿರುಗಿದ, ತಿರುಗಿದವನ ಬೆನ್ನಿಗೆ ಗುಂಡು ಬಿತ್ತು.

ಬೆಳಗಾಗುವಷ್ಟರಲ್ಲಿ ಶತ್ರುಗಳು ತಾವಾಗಿಯೇ ಜಾಗ ಖಾಲಿ ಮಾಡಿದ್ದರು. ಗುಡ್ಡ ಕೈಗೆ ಬಂತು, ಮೇಜರ್ ರಾತ್ರೋರಾತ್ರಿ ವೀರನಾದ. ವೀರನಾದವನು ಹಿಂದೆ ಸರಿಯಲು ಹೇಳಿರಲು ಹೇಗೆ ಸಾಧ್ಯ? ತಾನು ಅಂಥ ಹುಕುಂ ಕೊಡಲೇ ಇಲ್ಲ ಎಂದು ವಿಚಾರಣೆಯಲ್ಲಿ ಹೇಳಿದ. ಕಹಳೆಯವನು ಹೆದರಿ ಊದಿಬಿಟ್ಟ, ಕಂಪನಿ ಅದನ್ನೇ ನೆಪ ಮಾಡಿಕೊಂಡು ಓಡಿತು ಎಂದಾಯಿತು. ಅವರ ಟೋಪಿಗಳಿಂದ ಕೆಂಪು ಬಟ್ಟೆ ಕಿತ್ತರು. ಸಾಕ್ಷಿ ಹೇಳಬೇಕಾದ ಕುಳ್ಳ ಮಣ್ಣಿನಡಿ ಮಲಗಿದ್ದ. ಬೆನ್ನಿಗೆ ಗುಂಡು ತಿಂದು ಸತ್ತವರ ಹೆಸರನ್ನು ಸ್ಮಾರಕದ ಕಲ್ಲಿನ ಮೇಲೆ ಕೆತ್ತುವುದಿಲ್ಲ ಎಂದು ಕುಳ್ಳನನ್ನು ಅಲ್ಲಿಂದಲೂ ಹೊರಗಿಟ್ಟರು. ಅಜ್ಜನ ಕೈಯಿಂದ ಕಹಳೆ ಕಿತ್ತುಕೊಂಡು ಉಗ್ರಾಣದಲ್ಲಿ ಕಂಬಳಿ ಎಣಿಸಲು ಹಾಕಿದರು; ನಿವೃತ್ತಿಯಾಗುವವರೆಗೂ ಅವನು ಕಂಬಳಿ ಎಣಿಸಿದ. ನಡೆದದ್ದನ್ನು ಅವನೇನೂ ಮುಚ್ಚಿಟ್ಟಿರಲಿಲ್ಲ, ಕಂಡಕಂಡವರಿಗೆಲ್ಲ ಹೇಳಿದ್ದ. ಕೇಳಿದವರು ಅಯ್ಯೋ ಪಾಪ ಎಂದು ತಲೆಯಾಡಿಸಿ ತಮ್ಮ ಕೆಲಸ ನೋಡಿಕೊಂಡಿದ್ದರು.

ಕರ್ನಲ್ ಬಂದ. ಅಜ್ಜನ ಮಗನಿಗಿಂತ ಒಂದೆರಡು ವರ್ಷ ದೊಡ್ಡವನಿರಬಹುದು. ನಯವಾದ ಮಾತು, ನಯವಾದ ಮೀಸೆ. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು ಸೊಸೆ ಕೊಟ್ಟ ಸೀದ ಚಹಾವನ್ನು ಚೆನ್ನಾಗಿದೆ ಎಂದು ಹೊಗಳಿದ. ಮಗ ಸಮವಸ್ತ್ರದಲ್ಲೇ ಬಾಗಿಲ ಬಳಿ ನೆಟ್ಟಗೆ ನಿಂತಿದ್ದ. ಅವನು ಈಗ ಮೂರನೇ ಕಂಪನಿಯ ಹವಾಲ್ದಾರ. ಮಕ್ಕಳು ಅಪ್ಪನ ಕಂಪನಿಗೇ ಸೇರುವುದು ಅಲ್ಲಿನ ರೂಢಿಯಾಗಿತ್ತು.

ಕರ್ನಲ್ ಹೇಳಿದ್ದರ ತಾತ್ಪರ್ಯ ಇಷ್ಟು: ರೆಜಿಮೆಂಟಿಗೆ ನೂರು ವರ್ಷ ತುಂಬುತ್ತಿದೆ. ಈ ಶುಭ ಸಮಯದಲ್ಲಿ ಮೂರನೇ ಕಂಪನಿಗೆ ಕೆಂಪು ಬಟ್ಟೆ ಹಿಂದಿರುಗಿಸಬೇಕೆಂದು ತೀರ್ಮಾನವಾಗಿದೆ. ಅಂದಿನ ಮೇಜರ್, ಈಗ ನಿವೃತ್ತ ಜನರಲ್, ತಾವೇ ಬಂದು ತಮ್ಮ ಕೈಯಾರೆ ಕೊಡಲು ದೊಡ್ಡ ಮನಸ್ಸು ಮಾಡಿದ್ದಾರೆ. ಕಿತ್ತುಕೊಂಡದ್ದನ್ನು ಮರಳಿ ಪಡೆಯಬೇಕಾದರೆ ಆ ಕಂಪನಿಯ ಹಿರಿಯನೊಬ್ಬ ಮೈದಾನದಲ್ಲಿ ನಿಂತು ಬಾಯಿಬಿಟ್ಟು ಕೇಳಬೇಕು, ಇದು ರೆಜಿಮೆಂಟಿನ ಸಂಪ್ರದಾಯ. ಗುಡ್ಡದ ಮೇಲಿದ್ದವರಲ್ಲಿ ಉಳಿದಿರುವುದು ಅಜ್ಜ ಒಬ್ಬನೇ. ಹೇಳಬೇಕಾದ್ದು ಬಹಳವೇನಿಲ್ಲ, "ಬೆನ್ನು ತೋರಿಸಿ ಓಡಿದ ನಮ್ಮನ್ನು ಮನ್ನಿಸಿ" ಎಂದರೆ ಮುಗಿಯಿತು. ಒಂದು ಭಾವುಕ ಗಳಿಗೆಗಾಗಿ ವಸ್ತು ಸಂಗ್ರಹಾಲಯದಿಂದ ಅಜ್ಜನ ಹಳೆಯ ಕಹಳೆಯನ್ನೂ ತರಿಸುತ್ತಾರಂತೆ, ಅದನ್ನು ಮುಟ್ಟಿ ನಮಸ್ಕರಿಸಬಹುದಂತೆ.

"ಮನ್ನಿಸ್ತಾರಾ?" ಎಂದ ಅಜ್ಜ. "ಅವನು? ನಮ್ಮನ್ನ?"

ಕರ್ನಲ್ ಮುಗುಳ್ನಕ್ಕು, ಹಳೆಯದನ್ನೆಲ್ಲ ಮರೆಯುವ ಕಾಲ ಬಂದಿದೆ ಎಂದ. ಅಜ್ಜನಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವರಿಗೆ ಹೊರಗೆ ನಡಿ ಎನ್ನಬಾರದೆಂದು ಅವನು ಹಲ್ಲು ಕಚ್ಚಿಕೊಂಡ. ಆ ಸೆಟ್ಟು ಕಚ್ಚಲು ಹೇಳಿ ಮಾಡಿಸಿದ್ದಲ್ಲ, ವಸಡು ನೊಂದಿತು. ಯೋಚನೆ ಮಾಡಿ ಹೇಳುತ್ತಾರೆ ಎಂದು ಮಗ ಮಧ್ಯೆ ಬಾಯಿ ಹಾಕಿ ಕರ್ನಲನನ್ನು ಬೀಳ್ಕೊಟ್ಟು ಬಂದ.

ಬಂದವನು ಬಾಗಿಲು ಹಾಕಿಕೊಂಡ. ಗಲ್ಲಿಯವರು ಕಿವಿ ನೆಟ್ಟಗೆ ಮಾಡಿಕೊಂಡಿದ್ದಾರೆಂದು ಅವನಿಗೆ ಗೊತ್ತಿತ್ತು.

"ಒಂದು ಮಾತು ಅಪ್ಪ," ಎಂದ. "ಹೇಳಿಬಿಟ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಕುಳ್ಳ ಓಡಿದ ಅಂತ ನನ್ನ ಬಾಯಿಂದ ಬರಬೇಕಾ?"

"ಸತ್ತವರಿಗೆ ಏನು ಅಂದ್ರೂ ಒಂದೇ. ನನ್ನ ಹುಡುಗರು ಬದುಕಿದ್ದಾರೆ. ಬೇರೆ ಕಂಪನಿಯವರು ಅವರನ್ನ ನೋಡಿ ಕಾಲಿಗೆ ಬುದ್ಧಿ ಹೇಳೋರು ಬಂದ್ರು ಅಂತ ಆಡ್ಕೊಳ್ತಾರೆ. ನಿಮ್ಮ ಸಿಟ್ಟನ್ನ ನೀವು ಜಗುಲಿ ಮೇಲೆ ಇಟ್ಕೊಂಡು ಕೂತಿದ್ದೀರಿ. ಟೋಪಿ ಮೇಲೆ ಹೊತ್ಕೊಂಡು ತಿರುಗೋರು ನಾವು."

"ಅವನು ಹೇಳಿದ. ನಾನು ಊದಿದೆ. ಅಷ್ಟೇ ಆಗಿದ್ದು."

"ಆಯ್ತಪ್ಪ," ಎಂದ ಮಗ, ಜ್ವರ ಬಂದ ಮಗುವನ್ನು ಸಮಾಧಾನ ಮಾಡುವವನಂತೆ. "ನೀವು ಹೇಳೋದೇ ಸರಿ. ಆದ್ರೂ ಒಂದ್ಸಲ ಕೇಳಿಬಿಡಿ."

ಮಗ ಚಿಕ್ಕಂದಿನಿಂದಲೂ ಹಾಗೆಯೇ. ಗುಡ್ಡದ ಮಾತು ಬಂದಾಗಲೆಲ್ಲ ಅವನ ಬಾಯಲ್ಲಿ ಇದೇ "ಆಯ್ತಪ್ಪ". ಬೇರೆಯವರ ಅಪನಂಬಿಕೆಯನ್ನು ಅಜ್ಜ ಸಾವಿರ ಸಲ ಬೈದಿದ್ದ, ಆದರೆ ಈ ಮೂರಕ್ಷರಕ್ಕೆ ಏನು ಬೈಯಬೇಕೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ.

ಸಂಜೆ ಅಜ್ಜ ಗಲ್ಲಿಯ ತುದಿಯ ಮನೆಗೆ ಹೋದ. ಅಲ್ಲಿ ಕುಳ್ಳನ ಹೆಂಡತಿ ಇದ್ದಳು. ಗಂಡ ಸತ್ತ ಮೇಲೆ ರೆಜಿಮೆಂಟಿನ ದರ್ಜಿ ಅಂಗಡಿಗೆ ಸೇರಿಕೊಂಡವಳು, ಕಣ್ಣು ಮಂಜಾದರೂ ಕತ್ತರಿ ಬಿಟ್ಟಿರಲಿಲ್ಲ. ಲಾಂಛನದ ಹಿಂದಿಡುವ ಎಲೆಯಾಕಾರದ ಬಟ್ಟೆ ಕತ್ತರಿಸುವುದೇ ಅವಳ ಕೆಲಸ. ಗಂಡನ ಟೋಪಿಯಿಂದ ಕಿತ್ತಂಥ ಬಟ್ಟೆಯನ್ನೇ ಬೇರೆಯವರ ಟೋಪಿಗೆ ಕತ್ತರಿಸಿ ಕೊಟ್ಟು ಅವಳು ಮಕ್ಕಳನ್ನು ಸಾಕಿದ್ದಳು. ಅಜ್ಜ ಹೋದಾಗ ಅವಳ ಮಡಿಲ ತುಂಬ ಕೆಂಪು ಚೂರುಗಳಿದ್ದವು, ಪಕ್ಕದ ಬುಟ್ಟಿಯಲ್ಲಿ ಕತ್ತರಿಸಿ ಮುಗಿಸಿದ ಎಲೆಗಳ ರಾಶಿ.

"ಇವೆಲ್ಲ ಮೂರನೆಯವರಿಗಂತೆ ಅಣ್ಣ," ಎಂದಳು ತಲೆಯೆತ್ತದೆ. "ನೀನು ಕೇಳಿದ್ರೆ ಕೊಡ್ತಾರಂತೆ."

ಅಜ್ಜ ಹೊಸಿಲ ಮೇಲೆ ಕೂತ. ಮಗನ ಮಾತು ಹೇಳಿದ, ಹುಡುಗರ ಮಾತು ಹೇಳಿದ, ಕರ್ನಲನ ನಯವಾದ ಮೀಸೆಯನ್ನು ಕಿತ್ತು ಕೈಗೆ ಕೊಡಬೇಕೆನಿಸಿದ್ದನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಮಗನ ಮಾತಿನಲ್ಲೂ ನ್ಯಾಯ ಇದೆಯಲ್ಲ, ಆ ಹುಡುಗರು ಯಾರ ಪಾಪಕ್ಕೆ ಹೊಣೆ, ಎಂದು ತನಗೆ ತಾನೇ ಕೇಳಿಕೊಂಡಂತೆ ಕೇಳಿದ. ಅವಳು ಕತ್ತರಿ ಆಡಿಸುತ್ತಿದ್ದಳು. ಕೊನೆಗೆ ಅದನ್ನು ಕೆಳಗಿಟ್ಟಳು.

"ಒಂದು ಕೇಳ್ತೀನಿ ಅಣ್ಣ. ನಮ್ಮನೆಯವರು ಓಡಿದ್ರಾ?"

"ಇಲ್ಲ. ನಾನು ಊದಿದೆ, ಅವನು ತಿರುಗಿದ. ನಾನು ಊದದೇ ಇದ್ದಿದ್ರೆ ತಿರುಗ್ತಾನೂ ಇರ್ಲಿಲ್ಲ."

"ಮತ್ತೆ ನನ್ನ ಹತ್ರ ಏನು ಕೇಳೋಕೆ ಬಂದೆ?"

ಅವಳ ದನಿಯಲ್ಲಿ ಸಿಟ್ಟಿತ್ತು. ಅದು ಜನರಲನ ಮೇಲಷ್ಟೇ ಅಲ್ಲ, ತನ್ನ ಮೇಲೂ ಇದೆಯೆಂದು ಅಜ್ಜನಿಗೆ ತಿಳಿಯಿತು. ಇಷ್ಟು ವರ್ಷ ಅವಳು ಅದನ್ನು ಒಂದು ದಿನವೂ ತೋರಿಸಿರಲಿಲ್ಲ. ಅವನು ಎದ್ದು ಬಂದ. ಬರುವ ದಾರಿಯಲ್ಲಿ ಯಾರೂ ಇಲ್ಲದ ಕಡೆ ನಿಂತು, ಹಲ್ಲಿನ ಸೆಟ್ಟನ್ನು ಗಟ್ಟಿಯಾಗಿ ಒತ್ತಿಕೊಂಡು, ತುಟಿ ಬಿಗಿಹಿಡಿದು ಗಾಳಿ ಊದಿ ನೋಡಿದ. ಹಲ್ಲು ಕದಲಿತು. ಮಾರನೆಯ ದಿನ ಅಂಗಡಿಗೆ ಹೋಗಿ ಹಲ್ಲಿಗೆ ಹಚ್ಚುವ ಅಂಟು ತಂದ. ಕರ್ನಲನಿಗೆ, ಬರುತ್ತೇನೆ ಎಂದು ಮಗನ ಕೈಯಲ್ಲಿ ಹೇಳಿ ಕಳಿಸಿದ. ಮಗ ಖುಷಿಯಿಂದ ಅಪ್ಪನ ಹಳೆಯ ಕೋಟನ್ನು ತಾನೇ ಇಸ್ತ್ರಿ ಮಾಡಿದ. ಅಜ್ಜ ಅಂಟಿನ ಡಬ್ಬಿಯನ್ನು ಅವನ ಕಣ್ಣಿಗೆ ಬೀಳದಂತೆ ಜೇಬಿಗೆ ಇಳಿಸಿದ.

ಆ ದಿನ ಮೈದಾನದ ಒಂದು ಬದಿಗೆ ಚಪ್ಪರ ಹಾಕಿ ಸೋಫಾ ಇಟ್ಟಿದ್ದರು. ಸೋಫಾದ ನಡುವೆ ನಿವೃತ್ತ ಜನರಲ್. ಮುಖ ಸುಕ್ಕಾಗಿತ್ತು, ಎದೆಯ ತುಂಬ ಪದಕಗಳು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಬೋಳು ಗುಡ್ಡದ್ದು. ಆ ಕಡೆ ಈ ಕಡೆ ಗಣ್ಯರು, ಕ್ಯಾಮೆರಾದವರು. ಹಿಂದಿನ ಬೆಂಚುಗಳಲ್ಲಿ ಗಲ್ಲಿಯ ಜನ, ಅವರ ನಡುವೆ ಕುಳ್ಳನ ಹೆಂಡತಿ. ಎದುರಿಗೆ ನಾಲ್ಕು ಕಂಪನಿಗಳು ಗೆರೆ ಎಳೆದಂತೆ ನಿಂತಿದ್ದವು. ಮೂರರ ಟೋಪಿಗಳ ಮೇಲೆ ಕೆಂಪು, ಒಂದರ ಮೇಲೆ ಬರೀ ಹಿತ್ತಾಳೆ. ಮೂರನೆಯವರ ಮುಂದೆ ಅಜ್ಜನ ಮಗ.

ಭಾಷಣಗಳಾದವು. ರೆಜಿಮೆಂಟಿನ ಚರಿತ್ರೆಯನ್ನು ಒಬ್ಬ ಓದಿದ: ಅಧಿಕಾರಿ, ಅವನ ಅಪ್ಪ, ಅವನ ಕುದುರೆ. ಬೋಳು ಗುಡ್ಡದ ಸರದಿ ಬಂದಾಗ ಜನರಲನ ಹೆಸರು ಬಂದು ಚಪ್ಪಾಳೆ ಬಿತ್ತು. ಕರ್ನಲ್ ಮೈಕಿನ ಮುಂದೆ ನಿಂತು ಕ್ಷಮೆಯ ದೊಡ್ಡತನವನ್ನು ಕೊಂಡಾಡಿದ. ಆಮೇಲೆ ಅಜ್ಜನನ್ನು ಕೈ ಹಿಡಿದು ಮೈದಾನದ ನಡುವಿಗೆ ಕರೆತಂದ. ಅಲ್ಲೊಂದು ಮೇಜು. ಮೇಜಿನ ಮೇಲೆ ತಟ್ಟೆಯಲ್ಲಿ ಕೆಂಪು ಎಲೆಗಳು, ಪಕ್ಕದಲ್ಲಿ ಮಖಮಲ್ಲಿನ ದಿಂಬಿನ ಮೇಲೆ ಅವನ ಕಹಳೆ. ಕಹಳೆಯ ಬಾಯಿಯ ಹತ್ತಿರ ಒಂದು ತಗ್ಗು. ಕುಳ್ಳ ಬಿದ್ದಾಗ ಅವನನ್ನು ಎತ್ತಲು ಅಜ್ಜ ಕಹಳೆಯನ್ನು ಬಂಡೆಯ ಮೇಲೆ ಎಸೆದದ್ದರ ಗುರುತು ಅದು. ಹೊಳಪು ಬರುವಂತೆ ಉಜ್ಜಿದ್ದರು, ತಗ್ಗನ್ನು ಮಾತ್ರ ಸರಿ ಮಾಡಿರಲಿಲ್ಲ.

ಕರ್ನಲ್ ಮೈಕನ್ನು ಅಜ್ಜನ ಬಾಯಿಯ ಎತ್ತರಕ್ಕೆ ಇಳಿಸಿ, ಹೇಳಿ ಎಂದು ಸನ್ನೆ ಮಾಡಿದ. ಜನರಲ್ ಕೊಡಲು ಸಿದ್ಧನಾಗಿ ಸೋಫಾದಿಂದ ಅರ್ಧ ಎದ್ದಿದ್ದ. ಅವನ ಮುಖದಲ್ಲಿ ಅಜ್ಜನ ಗುರುತು ಹಿಡಿದ ಸುಳಿವು ಎಳ್ಳಷ್ಟೂ ಇರಲಿಲ್ಲ. ತನ್ನ ಬದುಕನ್ನು ಹಾಳು ಮಾಡಿದವನಿಗೆ ತನ್ನ ಮುಖದ ನೆನಪೂ ಇಲ್ಲವೆಂದು ಅಜ್ಜನಿಗೆ ತಿಳಿದದ್ದು ಆಗ. ಅವನು ಮೇಜಿನತ್ತ ಕೈ ಚಾಚಿದ. ಕಹಳೆ ಎತ್ತಿಕೊಂಡ. ಮುಟ್ಟಿ ನಮಸ್ಕರಿಸುತ್ತಾನೆಂದು ಕ್ಯಾಮೆರಾದವರು ಹತ್ತಿರ ಬಂದರು. ಅವನು ಅದನ್ನು ಬಾಯಿಗಿಟ್ಟು ಊದಿದ.

ಮೊದಲು ಬಂದದ್ದು ಬರೀ ಗಾಳಿ. ಯಾರೋ ಕಿಸಕ್ಕೆಂದು ನಕ್ಕರು. ಎರಡನೆಯ ಸಲಕ್ಕೆ ಅಜ್ಜ ಅಷ್ಟು ವರ್ಷಗಳ ಕಂಬಳಿಯ ಧೂಳನ್ನೆಲ್ಲ ಎದೆಯಿಂದ ಹೊರಹಾಕುವವನಂತೆ ಊದಿದ. ಸ್ವರ ಒಡೆಯಿತು, ಆಮೇಲೆ ಕೂಡಿಕೊಂಡಿತು, ಮೈದಾನವನ್ನು ದಾಟಿ ಗೋಡೆಗೆ ಬಡಿದು ವಾಪಸು ಬಂತು. ಗಲ್ಲಿಯ ಮಕ್ಕಳಿಗೂ ಗೊತ್ತಿರುವ ಸ್ವರ ಅದು, ಹಿಂದೆ ಸರಿಯುವ ಸ್ವರ.

ಸೈನಿಕರ ಮೈಗೆ ಅದರ ಅಭ್ಯಾಸ ಎಷ್ಟಿತ್ತೆಂದರೆ ತಲೆ ಯೋಚಿಸುವ ಮೊದಲೇ ಹಿಮ್ಮಡಿಗಳು ತಿರುಗಿದವು. ದಡ್ ಎಂದು ಒಂದೇ ಸದ್ದು. ಒಂದನೇ ಕಂಪನಿ, ಎರಡನೇ ಕಂಪನಿ, ನಾಲ್ಕನೇ ಕಂಪನಿ, ಕೆಂಪು ಬಟ್ಟೆಯವರೆಲ್ಲರೂ, ಚಪ್ಪರಕ್ಕೂ ಸೋಫಾಕ್ಕೂ ಜನರಲನಿಗೂ ಬೆನ್ನು ಹಾಕಿ ನಿಂತರು. ಮೂರನೇ ಕಂಪನಿ ಮಾತ್ರ ಅಲ್ಲಾಡಲಿಲ್ಲ. ಅವರಿಗೆ ಆ ಸ್ವರ ಇರಲಿಲ್ಲವಲ್ಲ. ಇಡೀ ಮೈದಾನದಲ್ಲಿ ಜನರಲನನ್ನು ಎದುರಿಸಿ ನಿಂತ ಮುಖಗಳೆಂದರೆ ಅವರವೇ.

ಕರ್ನಲ್ ಓಡಿ ಬಂದ. ನಯವಾದ ಮಾತೆಲ್ಲ ಎಲ್ಲಿ ಹೋಯಿತೋ, "ಯಾರೋ ನಿನಗೆ ಊದೋಕೆ ಹೇಳಿದ್ದು?" ಎಂದ. ಮೈಕು ಅಲ್ಲೇ ಇತ್ತು. ಮೈದಾನಕ್ಕೆಲ್ಲ ಕೇಳಿಸಿತು.

ಅಜ್ಜ ಕಹಳೆಯ ತುದಿಯಿಂದ ಚಪ್ಪರದತ್ತ ತೋರಿಸಿದ. "ಅವರು. ಗುಡ್ಡದ ಮೇಲೆ ಹೇಳಿದ್ರು. ಮರಳಿ ಬರೋ ಸ್ವರಕ್ಕೆ ಹುಕುಂ ಕೊಡೋದು ಮರೆತಿದ್ದಾರೆ. ಕೊಟ್ರೆ ಊದ್ತೀನಿ."

ಕರ್ನಲ್ ಸೈನಿಕರತ್ತ ತಿರುಗಿ, ಮುಂದೆ ತಿರುಗಿ ಎಂದು ಗಂಟಲು ಹರಿಯುವಂತೆ ಕೂಗಿದ. ಒಂದು ಹಿಮ್ಮಡಿಯೂ ಕದಲಲಿಲ್ಲ. ಅವರೇನೂ ದಂಗೆಯೆದ್ದಿರಲಿಲ್ಲ, ಕಹಳೆ ಹೇಳಿದ್ದನ್ನು ಬಾಯಿ ಅಳಿಸುವಂತಿಲ್ಲ ಎಂದು ಸೇರಿದ ಮೊದಲ ವಾರವೇ ಅವರ ತಲೆಗೆ ತುಂಬಿದ್ದರು. ತುಂಬಿದವರಲ್ಲಿ ಈ ಕರ್ನಲನೂ ಒಬ್ಬ. ಅವನು ಬ್ಯಾಂಡಿನ ಕಹಳೆಯವನನ್ನು ಕರೆದ. ಆ ಹುಡುಗ ಕಹಳೆಯನ್ನು ಎದೆಗೆ ಅವಚಿಕೊಂಡು, ಮೊದಲ ಹುಕುಂ ಯಾರದ್ದೋ ಅವರು ಹೇಳಬೇಕು ಸಾರ್ ಎಂದು ಆಕಾಶ ನೋಡತೊಡಗಿದ.

ಈಗ ಎಲ್ಲರ ಕಣ್ಣೂ ಜನರಲನ ಮೇಲೆ. ನಾನು ಹೇಳಲೇ ಇಲ್ಲ ಎಂದು ಮತ್ತೊಮ್ಮೆ ಹೇಳಬಹುದಾಗಿತ್ತು, ಅದು ಅವನಿಗೆ ಹೊಸದೂ ಅಲ್ಲ. ಹೇಳಿದ್ದರೆ ಎರಡನೆಯ ಹುಕುಂ ಕೊಡುವವರಿಲ್ಲದೆ ರೆಜಿಮೆಂಟು ಹಾಗೆಯೇ ನಿಂತಿರುತ್ತಿತ್ತು. ಕ್ಯಾಮೆರಾಗಳು ಆ ಬೆನ್ನುಗಳನ್ನೂ ಅವನ ಮುಖವನ್ನೂ ಒಟ್ಟಿಗೇ ಹಿಡಿಯುತ್ತಿದ್ದವು. ಬಿಸಿಲು ಏರುತ್ತಿತ್ತು. ಹಿಂದಿನ ಬೆಂಚಿನಲ್ಲಿ ಮಗುವೊಂದು, ಅವರೆಲ್ಲ ಯಾಕೆ ಆ ಕಡೆ ನೋಡ್ತಿದ್ದಾರೆ ಎಂದು ಕೇಳಿತು. ಅವನು ಕಣ್ಣು ತಪ್ಪಿಸಿ ಎಡಕ್ಕೆ ನೋಡಿದರೆ ಅಲ್ಲಿ ಮೂರನೇ ಕಂಪನಿ. ಬರೀ ಹಿತ್ತಾಳೆಯ ಟೋಪಿಗಳ ಕೆಳಗಿನ ಅಷ್ಟೂ ಕಣ್ಣುಗಳು ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದವು. ತನ್ನ ಹೆಸರಿನಿಂದಲೇ ಕೀರ್ತಿ ಪಡೆದಿದೆ ಎಂದುಕೊಂಡಿದ್ದ ರೆಜಿಮೆಂಟು ತನಗೆ ಬೆನ್ನು ಕೊಟ್ಟು ನಿಂತದ್ದನ್ನು ಅವನಿಂದ ಹೆಚ್ಚು ಹೊತ್ತು ನೋಡಲಾಗಲಿಲ್ಲ.

"ಊದು," ಎಂದ, ಪಕ್ಕದವರಿಗೆ ಮಾತ್ರ ಕೇಳುವಂತೆ.

"ಕೇಳಿಸ್ಲಿಲ್ಲ ಸಾಹೇಬ್ರೆ," ಎಂದ ಅಜ್ಜ. "ಅವತ್ತು ಗಟ್ಟಿಯಾಗಿ ಹೇಳಿದ್ರಿ."

ಜನರಲ್ ಕಣ್ಣು ಮುಚ್ಚಿಕೊಂಡ. "ಊದು," ಎಂದ, ಈ ಸಲ ಮೈಕಿಲ್ಲದೆಯೂ ಬೆಂಚುಗಳವರೆಗೆ ಮುಟ್ಟುವಂತೆ. ಹಿಂದಿನ ಬೆಂಚಿನಲ್ಲಿ ಕುಳ್ಳನ ಹೆಂಡತಿ ಎದ್ದು ನಿಂತಳು.

ಅಜ್ಜ ಮರಳಿ ಬರುವ ಸ್ವರ ಊದಿದ. ಬೋಳು ಗುಡ್ಡದಲ್ಲಿ ಬಾಕಿಯುಳಿದಿದ್ದ ಸ್ವರ ಅದು. ಮೂರು ಕಂಪನಿಗಳು ಮುಂದೆ ತಿರುಗಿದವು, ಅವರ ಟೋಪಿಯ ಕೆಂಪು ಮತ್ತೆ ಕಂಡಿತು. ಅಜ್ಜ ಕಹಳೆಯನ್ನು ದಿಂಬಿನ ಮೇಲಿಟ್ಟು, ತಟ್ಟೆಯಲ್ಲಿದ್ದ ಎಲೆಗಳತ್ತ ನೋಡದೆ ಹೊರಟುಬಿಟ್ಟ. ಸಲಾಮು ಹೊಡೆಯಲಿಲ್ಲ. ಅವನನ್ನು ತಡೆಯಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ.

ಬೆಂಚುಗಳ ಹತ್ತಿರ ಕುಳ್ಳನ ಹೆಂಡತಿ ಅವನ ದಾರಿಗೆ ಅಡ್ಡ ಬಂದಳು. ಅವನ ಕೋಟಿನ ಸೆಟೆದ ಕಾಲರನ್ನು ದರ್ಜಿಯವಳ ಕೈಯಿಂದ ಒಮ್ಮೆ ಸರಿಮಾಡಿದಳು. "ಕಲ್ಲಿನ ಮೇಲೆ ನಮ್ಮನೆಯವರ ಹೆಸರು ಕೆತ್ತದೆ ಹೋದ್ರೆ ನಾಳೆ ಕತ್ತರಿ ಹಿಡ್ಕೊಂಡು ನಾನೇ ಬರ್ತೀನಿ," ಎಂದಳು. ಅವಳ ದನಿಯಲ್ಲಿ ತಮಾಷೆಯ ಸುಳಿವಿರಲಿಲ್ಲ.

ಮೈದಾನ ಖಾಲಿಯಾಗುತ್ತಿತ್ತು. ಅಜ್ಜ ಗೇಟಿನ ಪಕ್ಕದ ನಲ್ಲಿಯ ಬಳಿ ಬಂದು ಕೂತ. ಎದೆ ಉರಿಯುತ್ತಿತ್ತು, ತುಟಿ ಒಡೆದು ರಕ್ತ ಬಂದಿತ್ತು. ಜಗಳ ಮುಗಿಯಿತೆಂದು ಹಲ್ಲು ತೆಗೆದಿಡಲು ಬಾಯಿಗೆ ಕೈ ಹಾಕಿದ. ಅಷ್ಟರಲ್ಲಿ ಮಗ ಬಂದು ಎದುರಿಗೆ ನಿಂತ. ಟೋಪಿ ಕೈಯಲ್ಲಿತ್ತು, ಬರೀ ಹಿತ್ತಾಳೆಯ ಮೇಲೆ ಅವನ ಹೆಬ್ಬೆರಳು ಓಡಾಡುತ್ತಿತ್ತು. ಬೈಯುತ್ತಾನೆಂದು ಅಜ್ಜ ಕಾದ. ಮಗ ಬೈಯಲಿಲ್ಲ. ಅವನ ಕಣ್ಣು ಕೆಂಪಾಗಿದ್ದವು.

"ಹಾಗಾದ್ರೆ ಅಪ್ಪ," ಎಂದ, "ಅವರು ಅವತ್ತು ನಿಜವಾಗ್ಲೂ ಹೇಳಿದ್ರಾ?"

ಅಜ್ಜ ಅವನ ಮುಖವನ್ನೇ ನೋಡಿದ. ತೊಟ್ಟಿಲಲ್ಲಿದ್ದಾಗಿನಿಂದ ಗುಡ್ಡದ ಕತೆ ಕೇಳಿ ಬೆಳೆದ ಮಗ, ಅದೇ ಕಂಪನಿಯ ಅನ್ನ ತಿಂದ ಮಗ, ಸಾವಿರ ಸಲ ಆಯ್ತಪ್ಪ ಎಂದ ಮಗ. ಇಷ್ಟು ವರ್ಷ ಒಂದೇ ಸೂರಿನಡಿ ತನ್ನ ಪಕ್ಕ ಕೂತು ಉಂಡವನು ತನ್ನನ್ನು ಒಂದು ದಿನವೂ ನಂಬಿರಲಿಲ್ಲ. ಜನರಲನ ಮೇಲೆ ಬಂದದ್ದಕ್ಕಿಂತ ದೊಡ್ಡ ಸಿಟ್ಟು ಅಜ್ಜನ ನಾಭಿಯಿಂದ ಎದ್ದು ಬಂತು.

ತೆಗೆಯಹೊರಟಿದ್ದ ಹಲ್ಲನ್ನು ಅವನು ಹೆಬ್ಬೆರಳಿನಿಂದ ಮತ್ತೆ ಗಟ್ಟಿಯಾಗಿ ಒತ್ತಿ ಕೂರಿಸಿಕೊಂಡ.

"ನಡಿ ಮನೆಗೆ," ಎಂದ.